ಇಪ್ಪತ್ತೊಂದನೆಯ ಮೆಟ್ಟಿಲು

ಅರಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕು ಎಂದಾಗ ಬಂದವರೆಲ್ಲ ಗೊಣಗಿದರು. ಖುಷಿಯಾದದ್ದು ಗಾರೆಯಮ್ಮನೊಬ್ಬಳಿಗೇ. ನಲವತ್ತೆರಡು ವರ್ಷ ಸುಣ್ಣದಲ್ಲಿ, ಸಿಮೆಂಟಿನಲ್ಲಿ ನಿಂತು ನಿಂತು ಅವಳ ಅಂಗಾಲು ಹಳೆಯ ಚಕ್ಕಳದಂತಾಗಿತ್ತು. ಆದರೂ ನೆಲದ ವಿಷಯಕ್ಕೆ ಬಂದರೆ ಅವಳು ಕಣ್ಣಿಗಿಂತ ಕಾಲನ್ನು ನಂಬುವವಳು. ಹೊಸ ಮನೆಯೊಳಗೆ ಬರಿಗಾಲಲ್ಲಿ ಒಂದು ಸುತ್ತು ಬಂದರೆ ಸಾಕು, ಎಲ್ಲಿ ನೀರು ನಿಲ್ಲುತ್ತದೆ, ಯಾವ ಕಲ್ಲಿನ ಕೆಳಗೆ ಗಾರೆ ಪೊಳ್ಳು ಬಿದ್ದಿದೆ ಎಂದು ಹೇಳಿಬಿಡುತ್ತಿದ್ದಳು. ಅದಕ್ಕೇ ಅವಳಿಗೆ ಆ ಹೆಸರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಊರಿನ ಯಾವ ಮೂಲೆಯಲ್ಲಿ ಸಾರವೆ ಕಟ್ಟಿ ಗೋಡೆ ಹತ್ತಿದರೂ ಅರಮನೆಯ ಗುಮ್ಮಟ ಕಣ್ಣಿಗೆ ಬೀಳುತ್ತಿತ್ತು. ಅಷ್ಟು ದೊಡ್ಡದು ಬೀಳದೆ ಹೇಗೆ ನಿಂತಿದೆ, ಅದರ ಮೇಲೆ ಸುರಿದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುತ್ತ ನಿಂತು, ಎಷ್ಟೋ ಬಾಂಡ್ಲಿ ಗಾರೆ ಗಟ್ಟಿಯಾಗಲು ಬಿಟ್ಟು ಗಂಡನಿಂದ ಬೈಸಿಕೊಂಡಿದ್ದಳು. "ಮುಂದಿನ ವಾರ ಹೋಗೋಣ ಕಣೇ" ಅನ್ನುತ್ತ ಅನ್ನುತ್ತ ಅವನು ಒಬ್ಬನೇ ಬೇರೆ ಕಡೆಗೆ ಹೋಗಿಬಿಟ್ಟ. ಈಗ ಅವನಿಲ್ಲದ ಆರನೆಯ ವರ್ಷ, ಒಂದು ಭಾನುವಾರ, ಮಗ, ಸೊಸೆ ಇಬ್ಬರನ್ನೂ ಹೊರಡಿಸಿಕೊಂಡು ಬಂದಿದ್ದಳು.

ಹೊರಡಿಸಿದ್ದಕ್ಕೆ ಕಾರಣ ಗುಮ್ಮಟವೊಂದೇ ಅಲ್ಲ. ಹನ್ನೊಂದು ದಿನದಿಂದ ಮನೆಯಲ್ಲಿ ಸೊಸೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಗಾರೆಯಮ್ಮನಿಗೆ ಏನಾದರೂ ನೆಪ ಮಾಡಿ ಆ ಮನೆಯ ನಾಲ್ಕು ಗೋಡೆಯಿಂದ ಆಚೆಗೆ ಬರಬೇಕಿತ್ತು.

ಆದದ್ದು ಇಷ್ಟು. ನಿವೃತ್ತ ಟೀಚರಮ್ಮನೊಬ್ಬರು ತಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದರು. ಮೇಸ್ತ್ರಿ ಗಾರೆಯಮ್ಮನ ಮಗ. ಇಟ್ಟಿಗೆ ಹೊರುವುದರಿಂದ ಶುರುಮಾಡಿ, ಗಾರೆ ಮೆತ್ತುವುದು, ಗೋಡೆ ಎಬ್ಬಿಸುವುದು ಎಲ್ಲ ಕಲಿತಿದ್ದ ಸೊಸೆಗೆ ಮೊದಲ ಸಲ ಒಂದು ಇಡೀ ಮೆಟ್ಟಿಲ ಸಾಲನ್ನು ಒಬ್ಬಳೇ ಕಟ್ಟುವ ಕೆಲಸ ಸಿಕ್ಕಿತ್ತು. ಮೆಟ್ಟಿಲು ಕಟ್ಟಬೇಕಾದರೆ ಮೊದಲು ಒಂದು ಕೋಲು ಬೇಕು. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಎಷ್ಟು ಎತ್ತರವೋ ಅಷ್ಟನ್ನು ಒಂದು ಮರದ ಪಟ್ಟಿಯ ಮೇಲೆ ಇಳಿಸಿ, ಮೆಟ್ಟಿಲು ಎಷ್ಟೋ ಅಷ್ಟು ಸಮಪಾಲು ಮಾಡಿ ಗೀರು ಹಾಕುತ್ತಾರೆ. ಆಮೇಲೆ ಟೇಪು ಬೇಡ, ಲೆಕ್ಕ ಬೇಡ, ಗೀರಿಗೆ ಸರಿಯಾಗಿ ಕಟ್ಟುತ್ತ ಹೋದರಾಯಿತು. ಗಂಡ ಮೇಸ್ತ್ರಿ ಅನ್ನಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲೂ ಕೋಲಿಗೆ ಗೀರು ಹಾಕುತ್ತಿದ್ದವಳು ಗಾರೆಯಮ್ಮನೇ. "ಗಾರೆಯಮ್ಮನ ಕೋಲು" ಎಂದರೆ ಕೆಲಸದವರ ನಡುವೆ ಅದೊಂದು ಆಣೆಯ ಹಾಗೆ.

ಅವಳು ಕೆಲಸ ಕಲಿತ ಕಾಲದಲ್ಲಿ ಮೇಲಿನ ನೆಲ ಹಾಸಿ ಮುಗಿದ ಮೇಲೆಯೇ ಮೆಟ್ಟಿಲು. ಟೀಚರಮ್ಮನಿಗೆ ಅವಸರ, ಮೆಟ್ಟಿಲು ಮೊದಲಾಗಲಿ, ನೆಲ ಆಮೇಲೆ ಅಂದರು. ಗಾರೆಯಮ್ಮ ರೂಢಿಯಂತೆ ಟೇಪು ಇಳಿಬಿಟ್ಟು ಮೇಲಿನ ಬೋಳು ತಾರಸಿಯವರೆಗೆ ಅಳೆದಳು. ಆ ತಾರಸಿಯ ಮೇಲೆ ಇನ್ನು ಗಾರೆ ಬರುತ್ತದೆ, ಗಾರೆಯ ಮೇಲೆ ಕಲ್ಲು ಬರುತ್ತದೆ, ಎರಡೂ ಸೇರಿ ಎರಡಿಂಚು ಏರುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಸೊಸೆ ಕೋಲಿನಂತೆ ಕಟ್ಟಿದಳು. ನೆಲ ಹಾಸಿದ ಮೇಲೆ ಹದಿನಾರು ಮೆಟ್ಟಿಲು ಏಳೇಳು ಇಂಚು, ಹದಿನೇಳನೆಯದು ಒಂಬತ್ತು. ಮೆಟ್ಟಿಲು ಹತ್ತುವಾಗ ಕಣ್ಣು ಎಲ್ಲೋ ಇರುತ್ತದೆ, ಕಾಲು ತನ್ನಷ್ಟಕ್ಕೆ ಲೆಕ್ಕ ಇಟ್ಟಿರುತ್ತದೆ. ಟೀಚರಮ್ಮನ ಕಾಲಿನ ಲೆಕ್ಕ ತಪ್ಪಿತು. ಮುಗ್ಗರಿಸಿ ಬಿದ್ದರು, ಕನ್ನಡಕ ಚೂರಾಯಿತು.

"ಹೆಂಗಸಿನ ಕೈಲಿ ಮೆಟ್ಟಿಲು ಕಟ್ಟಿಸಿದ್ರೆ ಇನ್ನೇನಾಗುತ್ತೆ" ಎಂದರು ಕೆಲಸದವರು. "ಅಮ್ಮನ ಕೋಲು ತಪ್ಪೋದಿಲ್ಲ. ನೀನೇ ಅದನ್ನ ತಲೆಕೆಳಗೆ ಹಿಡಿದಿರಬೇಕು" ಎಂದ ಮಗ. ಸೊಸೆ ತನ್ನ ಎರಡು ಕೈ ನೋಡಿಕೊಂಡು, "ಇರಬೇಕು" ಎಂದಳು. ಕೋಲಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ತಪ್ಪಿದ್ದು ತನ್ನ ಕೋಲು ಎಂದು ಗಾರೆಯಮ್ಮನಿಗೆ ಆಗಲೇ ತಿಳಿದಿತ್ತು. ಆ ಸಂಜೆ ಕೋಲನ್ನು ಗರಗಸದಿಂದ ಕೊಯ್ದು, ಸಾರವೆಗೆ ಬಡಿಯುವ ಬೆಣೆಗಳನ್ನು ಮಾಡಿಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಸೊಸೆ ತನ್ನ ಕರಣೆ, ರಸಮಟ್ಟ, ತೂಗುಗುಂಡುಗಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟಳು. ನಾಳೆ ಸೋಮವಾರ. ಬೇರೆಯವರು ಸುತ್ತಿಗೆ ತಂದು ಆ ಮೆಟ್ಟಿಲನ್ನು ಪೂರ್ತಿ ಒಡೆಯುತ್ತಾರೆ. ಸೊಸೆ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರುತ್ತಾಳೆ. ಇವತ್ತು ದಾಟಿದರೆ ಮುಗಿಯಿತು.

ದರ್ಬಾರು ಹಾಲಿನ ಹೊಸ್ತಿಲು ದಾಟಿದವಳೇ ಗಾರೆಯಮ್ಮ ನಾಳೆಯನ್ನು ಮರೆತಳು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ. ಮೇಲೆ ಬಣ್ಣದ ಗಾಜಿನ ಛಾವಣಿ, ಅದರಿಂದ ಇಳಿದ ನೀಲಿ, ಕೆಂಪು ಬೆಳಕು ನೆಲದ ಮೇಲೆ ಒದ್ದೆ ಬಟ್ಟೆ ಒಣಗಹಾಕಿದಂತೆ ಹರಡಿತ್ತು. ಎರಡು ಸಾಲು ಕಂಬಗಳು ತಲೆಯಲ್ಲಿ ಎಲೆಬಳ್ಳಿ ಬಿಡಿಸಿಕೊಂಡು ಕಮಾನಿನಿಂದ ಕಮಾನಿಗೆ ಕೈ ಚಾಚಿದ್ದವು. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಮಡಿಸಿದ ಕೊಡೆ ಹಿಡಿದ ನಡುವಯಸ್ಸಿನ ಗೈಡು ಮೂವತ್ತು ಜನರ ಗುಂಪಿಗೆ ರಾಜರ ಕಥೆ ಹೇಳುತ್ತಿದ್ದ. ಗಾರೆಯಮ್ಮ ಮಾತ್ರ ಛಾವಣಿಯ ನಾಲ್ಕು ಮೂಲೆಯನ್ನೂ ನೋಡಿದಳು. ನೀರಿನ ಕೊಳವೆ ಎಲ್ಲೂ ಇಲ್ಲ. ಮೆಲ್ಲಗೆ ಒಂದು ಕಂಬದ ಹತ್ತಿರ ಸರಿದು ಬೆರಳಿನ ಗೆಣ್ಣಿನಿಂದ ತಟ್ಟಿದಳು. ಕಂಬ ಗಂಟೆಯ ಹಾಗೆ ಸಣ್ಣಗೆ ದನಿ ಕೊಟ್ಟಿತು.

"ಅಮ್ಮಾ, ಮುಟ್ಟಬಾರದು!" ಎಂದ ಗೈಡು.

"ಇದು ಕಲ್ಲಲ್ಲಪ್ಪ, ಕಬ್ಬಿಣ. ಒಳಗೆ ಪೊಳ್ಳು. ಛಾವಣಿ ನೀರೆಲ್ಲ ಇದರೊಳಗೇ ಇಳಿದು ಹೋಗುತ್ತೆ ಅಲ್ವಾ?"

ಗೈಡು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಅದನ್ನ ನಾನು ಕೊನೇಲಿ ಹೇಳಿ ಎಲ್ಲರನ್ನೂ ಬೆರಗು ಮಾಡೋದು ಅಮ್ಮಾ. ನೀವು ಮೊದಲೇ ಹೇಳಿಬಿಟ್ರೆ ನಾನು ಮನೆಗೆ ಹೋಗ್ಲಾ?"

ಗುಂಪು ನಕ್ಕಿತು. ಮಗ ನಾಚಿಕೊಂಡು ಗುಂಪಿನ ಆ ಬದಿಗೆ ಸರಿದ. ಸೊಸೆ ನಗಲಿಲ್ಲ. ಆದರೆ ಯಾರೂ ನೋಡದಿರುವಾಗ ತಾನೂ ಒಂದು ಕಂಬಕ್ಕೆ ಉಗುರಿನಿಂದ ತಟ್ಟಿದ್ದನ್ನು ಗಾರೆಯಮ್ಮ ಕಂಡಳು.

ಗೋಡೆಗಳ ಹತ್ತಿರ ಬಂದಾಗ ಗಾರೆಯಮ್ಮ ಮುಂದೆ ಹೋಗದೆ ನಿಂತುಬಿಟ್ಟಳು. ಆಳೆತ್ತರದವರೆಗೆ ಹಾಲಿನ ಕೆನೆಯಂಥ ನುಣುಪು. ಅದರಲ್ಲಿ ತನ್ನ ಮುಖ, ಹಿಂದೆ ಸೊಸೆಯ ಮುಖ. "ನೋಡೇ, ಎಲ್ಲರೂ ಅಮೃತಶಿಲೆ ಅಂದ್ಕೊಂಡಿದ್ದಾರೆ" ಎಂದು ಪಿಸುಗುಟ್ಟಿದಳು. "ಸುಣ್ಣ ಕಣೇ ಇದು. ವಾರಗಟ್ಟಲೆ ನೆನೆಸಿ, ಬೆಣ್ಣೆ ಹಾಗೆ ಅರೆದು, ಹಸಿ ಇರುವಾಗಲೇ ಬೆಣಚುಕಲ್ಲಲ್ಲಿ ತಿಕ್ಕಿ ತಿಕ್ಕಿ ಬೆವರು ಬರಿಸ್ತಾರೆ. ಹುಡುಗಿಯಾಗಿದ್ದಾಗ ಒಂದೇ ಒಂದು ಗೋಡೆ ಮಾಡಿದ್ದೆ. ತೋಳು ಬಿದ್ದುಹೋಗಿತ್ತು."

"ಹೂಂ" ಎಂದಳು ಸೊಸೆ. ಆದರೆ ನೋಡುತ್ತ ನಿಂತಳು.

ದರ್ಬಾರು ಹಾಲಿನ ತುದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಮೆಟ್ಟಿಲ ಸಾಲು, ಹಕ್ಕಿ ರೆಕ್ಕೆ ಬಿಚ್ಚಿದಂತೆ ಬಾಗಿ ಮೇಲಿನ ಮೊಗಸಾಲೆಗೆ ಸೇರುತ್ತಿದ್ದವು. ಗೈಡು ಅವುಗಳ ನಡುವೆ ನಿಂತು ದನಿ ಏರಿಸಿದ. "ಅವಳಿ ಮೆಟ್ಟಿಲು! ಆ ಕಡೆ ಇಪ್ಪತ್ತೊಂಬತ್ತು, ಈ ಕಡೆ ಇಪ್ಪತ್ತೊಂಬತ್ತು. ಒಂದನ್ನ ಕನ್ನಡಿಯಲ್ಲಿ ನೋಡಿದ್ರೆ ಇನ್ನೊಂದು. ಕೂದಲೆಳೆಯಷ್ಟು ವ್ಯತ್ಯಾಸ ತೋರಿಸಿ ನೋಡೋಣ. ಎಡಗಡೆ ಹತ್ತಿ, ಬಲಗಡೆ ಇಳೀಬೇಕು. ವಾಪಸ್ಸು ತಿರುಗಬಾರದು."

ಗಾರೆಯಮ್ಮ ಮೆಟ್ಟಿಲ ಬದಿಯ ಕಟಾಂಜನ ಹಿಡಿದು ಎಡಗಡೆಯಿಂದ ಹತ್ತಿದಳು. ತಣ್ಣಗಿನ ಕಲ್ಲು, ಸೊಗಸಾದ ಎತ್ತರ. ಮಂಡಿ ನೋವಿನವರೂ ಹಾಡುತ್ತ ಹತ್ತಬಹುದು. ಒಂದು, ಎರಡು, ಹತ್ತು, ಇಪ್ಪತ್ತು. ಇಪ್ಪತ್ತೊಂದಕ್ಕೆ ಕಾಲಿಟ್ಟಾಗ ಏನೋ ಆಯಿತು. ಕಲ್ಲಿನ ತಂಪು ಅಲ್ಲಿರಲಿಲ್ಲ. ಬೆಚ್ಚಗೆಂದಲ್ಲ, ತಂಪು ಒಂದು ಹಿಡಿ ಕಡಿಮೆ. ಇಪ್ಪತ್ತೆರಡೂ ಹಾಗೆಯೇ. ಇಪ್ಪತ್ಮೂರರಲ್ಲಿ ಮತ್ತೆ ಕಲ್ಲು. ಮತ್ತೆ ಆ ಇಪ್ಪತ್ತೊಂದರಿಂದ ಮುಂದಕ್ಕೆ ಕಾಲು ಒಂದಿಷ್ಟು, ಒಂದೇ ಒಂದಿಷ್ಟು, ಹೆಚ್ಚು ಎತ್ತಬೇಕಾಯಿತು. ಹಿಂದೆ ಬಂದವರು ಯಾರೂ ಏನೂ ಅನ್ನಲಿಲ್ಲ. ಮೇಲೆ ಹೋಗಿ ಗುಮ್ಮಟದ ಒಳಹೊಟ್ಟೆ ನೋಡಿದರು, ಒಂದರೊಳಗೊಂದು ಕಿರಿದಾಗುತ್ತ ಹೋಗುವ ಬಾಗಿಲುಗಳ ಸಾಲು ನೋಡಿದರು. ನಲವತ್ತು ವರ್ಷ ಕಾದಿದ್ದ ಗುಮ್ಮಟ ತಲೆಯ ಮೇಲಿದ್ದರೂ ಗಾರೆಯಮ್ಮನ ಮನಸ್ಸು ಅಂಗಾಲಲ್ಲಿತ್ತು. ಬಲಗಡೆ ಇಳಿಯುವಾಗ ಒಂದೊಂದೇ ಮೆಟ್ಟಿಲನ್ನು ಕಾಲಲ್ಲಿ ಕೇಳುತ್ತ ಇಳಿದಳು. ಎಲ್ಲ ಒಂದೇ ಮಾತು ಹೇಳಿದವು. ಎಲ್ಲ ತಣ್ಣಗೆ, ಎಲ್ಲ ಸಮ.

"ನಾನು ಇನ್ನೊಂದು ಸಲ ಎಡಗಡೆ ಹತ್ತಬೇಕು" ಎಂದಳು.

"ಮಂಡಿ ನೋವು ಅಂತಿದ್ರಲ್ಲ?" ಎಂದಳು ಸೊಸೆ.

"ಮಂಡಿದು ಬಿಡು, ಅದು ಯಾವಾಗ್ಲೂ ಅಳೋ ಕೂಸು. ಬಾರೇ, ಒಬ್ಬಳೇ ಹೋದ್ರೆ ಆ ಟೋಪಿಯವನು ಬೈತಾನೆ."

ಗುಂಪು ಆನೆಯ ಅಂಬಾರಿಯ ಕಡೆಗೆ ಹೋದಾಗ ಇಬ್ಬರೂ ಹಿಂದುಳಿದರು. ಇಪ್ಪತ್ತೊಂದನೆಯ ಮೆಟ್ಟಿಲಲ್ಲಿ ಗಾರೆಯಮ್ಮ ಕುಕ್ಕರುಗಾಲಲ್ಲಿ ಕೂತು ಅಂಗೈ ಇಟ್ಟಳು. "ಮುಟ್ಟಿ ನೋಡು. ಕಲ್ಲಾ?"

ಸೊಸೆ ಮೊದಲು ನಿಂತೇ ನೋಡಿದಳು. ಆಮೇಲೆ ಬಗ್ಗಿದಳು. ಆಮೇಲೆ ಕೂತೇಬಿಟ್ಟಳು. "ಗೋಡೆ ಮೇಲಿತ್ತಲ್ಲ, ಅದೇ ಸುಣ್ಣ" ಎಂದಳು. "ನಡುವೆ ಒಂಚೂರು ಸವೆದಿದೆ. ಮೆಟ್ಟಿಲಿಗೆ ಯಾರು ಸುಣ್ಣ ಮೆತ್ತುತ್ತಾರೆ ಅತ್ತೆ?"

"ಅದೇ ನನಗೂ. ಅಳೆಯೋಕೆ ಏನಿದೆ ನಿನ್ನ ಹತ್ರ?"

ಚೀಲಗಳನ್ನು ಬಾಗಿಲಲ್ಲೇ ಇರಿಸಿಕೊಂಡಿದ್ದರು. ಕೈಯಲ್ಲಿದ್ದದ್ದು ಗೇಣುದ್ದದ ದಪ್ಪ ಕಾಗದದ ಟಿಕೆಟ್ಟು ಮಾತ್ರ. ಸೊಸೆ ಅದನ್ನು ಕೆಳಗಿನ ಮೆಟ್ಟಿಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನ ಮೆಟ್ಟಿಲಿನ ಅಂಚು ಬರುವಲ್ಲಿ ಉಗುರಿನಿಂದ ಒಂದು ಗೀರು ಒತ್ತಿದಳು. ಒಂದು ಕ್ಷಣದಲ್ಲಿ ಹೊಲಿಗೆ ಅಂಗಡಿ, ಗುಂಡಿ, ಕೋಪ ಎಲ್ಲ ಅವಳ ಮುಖದಿಂದ ಹೋಗಿತ್ತು. ಕೆಳಕ್ಕೆ ಓಡಿ ಮೊದಲನೆಯದನ್ನು ಅಳೆದಳು. ಎರಡು, ಐದು, ಹದಿಮೂರು, ಇಪ್ಪತ್ತು. ಎಲ್ಲದಕ್ಕೂ ಗೀರು ಒಂದೇ ಕಡೆ. ಇಪ್ಪತ್ತೊಂದಕ್ಕೆ ಗೀರು ಕಾಲಿಂಚು ಮೇಲೆ ಹೋಯಿತು. ಇಪ್ಪತ್ತೆರಡಕ್ಕೂ ಅಲ್ಲೇ. ಇಪ್ಪತ್ತೊಂಬತ್ತರವರೆಗೂ ಅಲ್ಲೇ.

"ಕೊನೆಯ ಒಂಬತ್ತು ಮೆಟ್ಟಿಲು ಕಾಲು ಕಾಲಿಂಚು ಜಾಸ್ತಿ" ಎಂದಳು ಮೇಲಿನಿಂದ, ಏದುಸಿರು ಬಿಡುತ್ತ. "ಅತ್ತೆ, ಇಲ್ಲಿ ಬನ್ನಿ, ಅಂಚಿನ ಕೆಳಗೆ ನೋಡಿ. ಗೆರೆ ಇದೆ!"

ಇತ್ತು. ಇಪ್ಪತ್ಮೂರನೆಯ ಮೆಟ್ಟಿಲಿನ ಅಂಚಿನಡಿಯಲ್ಲಿ ಕೂದಲಿನಂಥ ಒಂದು ಬೆಸುಗೆ. ಹಳೆಯ ಕಲ್ಲಿನ ಮೇಲೆ ಮುಕ್ಕಾಲಿಂಚಿನ ಇನ್ನೊಂದು ಕಲ್ಲು ಕೂರಿಸಿತ್ತು. ಅದರ ಮೇಲಿನದರಲ್ಲಿ ಒಂದಿಂಚು. ಅದರ ಮೇಲೆ ಒಂದೂಕಾಲು. ಹೀಗೇ ಏರುತ್ತ ಇಪ್ಪತ್ತೆಂಟರಲ್ಲಿ ಎರಡಿಂಚು ಕಲ್ಲು. ಕಾಲಿಂಚಿಗೂ ಅರ್ಧ ಇಂಚಿಗೂ ಕಲ್ಲು ಸೀಳಿದರೆ ಒಡೆದುಹೋಗುತ್ತದೆ. ಅದಕ್ಕೇ ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ಮಾತ್ರ ಸುಣ್ಣ.

ಸೊಸೆ ಮೆಟ್ಟಿಲ ಮೇಲೆ ಕೂತು ಬೆರಳು ಮಡಿಚಿದಳು. "ಒಂಬತ್ತು ಕಾಲಿಂಚು ಸೇರಿದ್ರೆ ಎರಡೂಕಾಲಿಂಚು. ಅತ್ತೆ, ಮೊದಲು ಈ ಕೊನೆಯ ಮೆಟ್ಟಿಲೊಂದೇ ಎರಡೂಕಾಲಿಂಚು ಹೆಚ್ಚು ಎತ್ತರ ಇತ್ತು! ಮೊಗಸಾಲೆಗೆ ನೆಲ ಹಾಸಿದ ಮೇಲೆ ಎದ್ದು ನಿಂತಿದೆ. ಅದನ್ನ ಒಡೆಯದೆ ಒಂಬತ್ತು ಮೆಟ್ಟಿಲಿಗೆ ಹಂಚಿಬಿಟ್ಟಿದ್ದಾನೆ. ಯಾರ ಕಾಲಿಗೂ ಗೊತ್ತಾಗದ ಹಾಗೆ. ಅಯ್ಯೋ ಪುಣ್ಯಾತ್ಮ! ಅರಮನೆ ಕಟ್ಟಿದವನೂ ನನ್ನ ಹಾಗೇ ತಪ್ಪಿದ್ದಾನೆ!"

ಹನ್ನೊಂದು ದಿನದ ಮೇಲೆ ಅವಳು ನಕ್ಕಳು. ಗಾರೆಯಮ್ಮನಿಗೆ ಆ ನಗು ನೋಡಲಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ‘ನನ್ನ ಹಾಗೆ’ ಎಂಬ ಮಾತಿಗೆ ಅವಳ ಕೈ ತಾನಾಗಿ ಎದೆಗೆ ಹೋಯಿತು.

"ಆದ್ರೆ ಹೇಗೆ ತಪ್ಪಿದ ಅಂತ?" ಸೊಸೆಗೆ ಈಗ ಬಿಡುವಿರಲಿಲ್ಲ. ಟಿಕೆಟ್ಟಿಗೆ ಸಮಸಮನಾಗಿ ನಾಲ್ಕು ಗೀರು ಎಳೆದಳು. "ಇವನೂ ಕೋಲನ್ನ ತಲೆಕೆಳಗೆ ಹಿಡಿದನಾ?" ಎನ್ನುತ್ತ ಅದನ್ನು ತಿರುಗಿಸಿ ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. "ತಡೀರಿ. ಸಮಪಾಲು ಮಾಡಿದ ಕೋಲಿಗೆ ತಲೆ ಯಾವುದು, ಬುಡ ಯಾವುದು? ಹೇಗೆ ಹಿಡಿದ್ರೂ ಗೀರು ಅದೇ ಜಾಗಕ್ಕೆ ಬರುತ್ತಲ್ಲಾ..."

ಇನ್ನೊಂದು ಉಸಿರು ಸುಮ್ಮನಿದ್ದರೆ ಅವಳು ತಾನಾಗಿ ಅಲ್ಲಿಗೆ ತಲುಪುತ್ತಾಳೆ. ಅವಳೇ ತಲುಪಿದರೆ ಗಾರೆಯಮ್ಮ ಹೇಳಿದ ಹಾಗಾಗುವುದಿಲ್ಲ, ಸಿಕ್ಕಿಬಿದ್ದ ಹಾಗಾಗುತ್ತದೆ.

"ಕೋಲೇ ಗಿಡ್ಡ" ಎಂದಳು ಗಾರೆಯಮ್ಮ. "ನಾನು ಬೋಳು ತಾರಸಿಗೆ ಅಳೆದೆ. ಮೇಲೆ ನೆಲ ಬರೋದನ್ನ ಮರೆತೆ. ನೀನು ಕಟ್ಟಿದ್ದರಲ್ಲಿ ಒಂದು ಗೀರೂ ತಪ್ಪಿಲ್ಲ."

ಸೊಸೆ ಟಿಕೆಟ್ಟು ಹಿಡಿದ ಕೈ ಇಳಿಸಲಿಲ್ಲ. "ಯಾವಾಗ ಗೊತ್ತಾಯ್ತು?"

"ಟೀಚರಮ್ಮ ಬಿದ್ದ ದಿನವೇ."

"ಕೋಲು ಎಲ್ಲಿ?"

"ಬೆಣೆ ಮಾಡಿದೆ."

ಕೆಳಗೆ ಎಲ್ಲೋ ಗೈಡು ಆನೆಯ ತೂಕ ಹೇಳುತ್ತಿದ್ದ. ಸೊಸೆ ಎದ್ದು ನಾಲ್ಕು ಮೆಟ್ಟಿಲು ಇಳಿದಳು, ನಿಂತಳು, ತಿರುಗಿದಳು. "ನಾನು ಕರಣೆನ ಬಟ್ಟೆಲಿ ಸುತ್ತುವಾಗ ನೀವು ಪಕ್ಕದಲ್ಲೇ ಕೂತು ಬಟಾಣಿ ಬಿಡಿಸ್ತಾ ಇದ್ರಿ."

"ಹೌದು."

"ಕಟ್ಟೋಕೆ ದಾರ ಕೊಡ್ಲಾ ಅಂತ ಬೇರೆ ಕೇಳಿದ್ರಿ."

ಗಾರೆಯಮ್ಮ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಕರುಣೆ ಬೇಡಿದ ಹಾಗಾಗುತ್ತದೆ. ಕೂತಲ್ಲಿಂದಲೇ ಸೊಸೆಯ ಮುಖ ನೋಡಿದಳು.

"ಅವರಿಗೆ ಹೇಳಿ" ಎಂದಳು ಸೊಸೆ. "ನಿಮ್ಮ ಮಗನಿಗೆ. ನಾನು ಒಂದು ಮಾತೂ ಆಡಲ್ಲ. ಹೆಂಗಸೂ ಕಟ್ಟಬಲ್ಲಳು ಅಂತ ಇಷ್ಟು ದಿನ ನಾನೇ ವಾದ ಮಾಡಿ ಮಾಡಿ ಸಾಕಾಗಿದೆ."

ಅಷ್ಟರಲ್ಲಿ ಮಗ, ಅವನ ಹಿಂದೆ ಗೈಡು, ಇಬ್ಬರೂ ಮೆಟ್ಟಿಲು ಹತ್ತಿ ಬಂದರು. "ಗುಂಪಿನಲ್ಲಿ ಎರಡು ತಲೆ ಕಮ್ಮಿ ಅಂತ ಹುಡುಕಿದ್ರೆ ಇಲ್ಲಿ ಸಂಸಾರ ಹೂಡಿದ್ದೀರಾ?" ಎಂದ ಗೈಡು. "ಎಡಗಡೆ ಇಳೀಬಾರದು ಅಂದಿದ್ದೆ."

"ಇಳಿದಿಲ್ಲಪ್ಪ, ಕೂತಿದ್ದೀವಿ" ಎನ್ನುತ್ತ ಗಾರೆಯಮ್ಮ ಮಗನ ಕಡೆ ತಿರುಗಿದಳು. ಹೇಳಿದಳು. ಸುತ್ತುಬಳಸಿಲ್ಲದೆ, ಎರಡೇ ವಾಕ್ಯ.

ಮಗ ನಕ್ಕ. ಅದನ್ನು ಅವಳು ನಿರೀಕ್ಷಿಸಿರಲಿಲ್ಲ. "ಅಮ್ಮಾ, ಸೊಸೆ ಮೇಲೆ ಪ್ರೀತಿ ಇರಲಿ. ಅದಕ್ಕೆ ನಿನ್ನ ಹೆಸರು ಯಾಕೆ ಕೆಡಿಸ್ಕೋತೀಯ? ನಿನ್ನ ಕೋಲು ತಪ್ಪೋದುಂಟಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ಅವಳು ಸುಮ್ಮನಿದ್ದಾಳೆ, ನೀನು ನೆಲ ಡೊಂಕು ಅಂತೀಯ."

ಒಳ್ಳೆಯ ಹೆಸರು ಇಷ್ಟು ದೊಡ್ಡ ಪೀಡೆ ಎಂದು ಗಾರೆಯಮ್ಮನಿಗೆ ಗೊತ್ತಿರಲಿಲ್ಲ. ಸತ್ಯ ಹೇಳಿದರೂ ಒಳ್ಳೆಯತನ ಅಂದುಕೊಳ್ಳುತ್ತಾರೆ. ಸೊಸೆ ಕೈಕಟ್ಟಿ ಗೋಡೆಗೆ ಒರಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ, ‘ನೋಡಿದ್ರಾ, ನನಗೆ ಹೇಗಿತ್ತು ಅಂತ?’ ಎಂದು ಬರೆದಿತ್ತು.

"ಕೂತ್ಕೋ ಇಲ್ಲಿ" ಎಂದಳು ಗಾರೆಯಮ್ಮ ಮಗನಿಗೆ, ಅವನು ಆರು ವರ್ಷದವನಾಗಿದ್ದಾಗಿನ ದನಿಯಲ್ಲಿ. ಅವನು ಕೂತ. "ಟೀಚರಮ್ಮನ ಮೆಟ್ಟಿಲು ಆಮೇಲೆ ನೀನೇ ಅಳೆದೆಯಲ್ಲ. ಹದಿನಾರು ಎಷ್ಟೆಷ್ಟಿತ್ತು?"

"ಏಳೇಳು."

"ಒಂದಾದ್ರೂ ಹೆಚ್ಚುಕಮ್ಮಿ?"

"ಇಲ್ಲ."

"ಕೊನೇದು?"

"ಒಂಬತ್ತು. ಅದಕ್ಕೇ ಅಲ್ವಾ ಬಿದ್ದಿದ್ದು."

"ಮೇಲೆ ನೆಲ ಹಾಸಿದವನು ನೀನು. ಗಾರೆ, ಕಲ್ಲು ಸೇರಿ ಎಷ್ಟು ದಪ್ಪ?"

"ಎರಡಿಂಚು." ಮಗನ ದನಿ ಸ್ವಲ್ಪ ಸಣ್ಣಗಾಯಿತು.

"ಹಾಗಾದ್ರೆ ನೀನು ನೆಲ ಹಾಸೋ ಮೊದಲು ಆ ಕೊನೆಯ ಮೆಟ್ಟಿಲು ಎಷ್ಟಿತ್ತು?"

ಮಗನಿಗಿಂತ ಮೊದಲು ಗೈಡು ಉತ್ತರ ಕೊಟ್ಟ. "ಏಳು!" ಎಂದುಬಿಟ್ಟ, ಶಾಲೆಯ ಹುಡುಗನ ಹಾಗೆ.

"ಹದಿನೇಳಕ್ಕೆ ಹದಿನೇಳೂ ಸಮ. ಅವಳು ಕೋಲಿನಂತೆ ಕಟ್ಟಿದಳು. ಆ ಕೋಲು ಯಾರು ಕೊಟ್ರು?"

ಮಗ ಹೆಂಡತಿಯ ಕಡೆ ನೋಡಿದ. ಅವಳು ಗುಮ್ಮಟ ನೋಡುತ್ತಿದ್ದಳು. "ನನಗೆ ಯಾಕೆ ಹೊಳೀಲಿಲ್ಲ?" ಎಂದ ತನಗೆ ತಾನೇ.

"ಹೊಳೀಬೇಕು ಅಂತ ನಿನಗೆ ಆಸೆ ಇರಲಿಲ್ಲ" ಎಂದಳು ಹೆಂಡತಿ, ಗುಮ್ಮಟಕ್ಕೆ ಹೇಳಿದ ಹಾಗೆ.

ಗೈಡಿಗೆ ಬೇರೆ ಚಿಂತೆ. ಇಪ್ಪತ್ತೊಂದರಿಂದ ಮೇಲಕ್ಕೆ ಮೆಟ್ಟಿಲು ಕಾಲು ಕಾಲಿಂಚು ಹೆಚ್ಚೆಂದು ಗಾರೆಯಮ್ಮ ತೋರಿಸುವಷ್ಟರಲ್ಲಿ ಅವನು ಟೋಪಿ ತೆಗೆದಿಟ್ಟು, ಮಂಡಿಯೂರಿ, ಇಪ್ಪತ್ತೊಂದನೆಯ ಮೆಟ್ಟಿಲಿಗೆ ಕೆನ್ನೆ ತಾಗಿಸುವಷ್ಟು ಬಗ್ಗಿದ್ದ. "ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎಂಟು ಸಲ ಇದರ ಮೇಲೆ ಹತ್ತಿದ್ದೀನಿ" ಎಂದ. "ನಾನು ಹೇಳ್ತಿದ್ದದ್ದು ಸುಳ್ಳಾ?"

"ಸುಳ್ಳಲ್ಲಪ್ಪ. ಇದನ್ನ ಕಟ್ಟಿದವನು ನಿನ್ನನ್ನ ಗೆದ್ದ ಅಷ್ಟೇ" ಎಂದಳು ಗಾರೆಯಮ್ಮ. ಆಮೇಲೆ ಮಗನ ಮುಂದೆ ಕೈ ಚಾಚಿದಳು. "ಫೋನು ಕೊಡು. ಟೀಚರಮ್ಮನಿಗೆ ಹಚ್ಚಿ ಕೊಡು."

"ನಾನೇ ಸಂಜೆ ಹೋಗಿ ಮೆಲ್ಲಗೆ ಹೇಳ್ತೀನಿ ಬಿಡಮ್ಮ."

"ನಿನ್ನ ಮೆಲ್ಲಗೆ ನನಗೆ ಗೊತ್ತು. ಹಚ್ಚು."

ಟೀಚರಮ್ಮನ ದನಿ ಪಕ್ಕದವರಿಗೂ ಕೇಳುವಂಥದ್ದು. ಮೂವತ್ತೈದು ವರ್ಷ ಕೊನೆಯ ಬೆಂಚಿನವರೆಗೆ ಮುಟ್ಟಿಸಿದ ದನಿ. "ಯಾರು, ಗಾರೆಯಮ್ಮನಾ? ಹೊಸ ಕನ್ನಡಕ ಇನ್ನೂ ಬಂದಿಲ್ಲ ಕಣೇ, ನನಗೆ ಎಲ್ಲ ಮಂಜು ಮಂಜು."

"ಟೀಚರಮ್ಮ, ಅದನ್ನ ಒಡೆದವಳು ನಾನು."

"ನೀನು ಅವತ್ತು ನಮ್ಮ ಮನೇಲೇ ಇರಲಿಲ್ಲವಲ್ಲೇ!"

ಗಾರೆಯಮ್ಮ ಮೂರನೆಯ ಸಲ ಹೇಳಿದಳು. ಮೂರನೆಯ ಸಲಕ್ಕೂ ಅದು ಹಗುರವಾಗಿರಲಿಲ್ಲ. ಕೋಲನ್ನು ಕೊಯ್ದದ್ದನ್ನೂ ಬಿಡಲಿಲ್ಲ.

"ಹನ್ನೊಂದು ದಿನ ತಡ ಮಾಡಿ ಕೊಟ್ಟ ಉತ್ತರಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡೋಳಲ್ಲ" ಎಂದರು ಟೀಚರಮ್ಮ. "ಆ ಹುಡುಗಿ ನನ್ನ ಮನೆ ಮುಂದೆ ತಲೆ ತಗ್ಗಿಸಿ ನಿಂತಿದ್ದಳು ಗಾರೆಯಮ್ಮ. ಅದನ್ನ ನೀನು ಅವಳ ಹತ್ರ ತೀರಿಸ್ಕೋ. ನನ್ನ ಪ್ರಶ್ನೆ ಬೇರೆ. ನಾಳೆ ಬೆಳಿಗ್ಗೆ ಸುತ್ತಿಗೆಯವರು ಬರ್ತಾರೆ. ಒಡೆದ ಮೇಲೆ ಕಟ್ಟೋರು ಯಾರು? ನನಗೆ ಮತ್ತೆ ಎರಡು ತಿಂಗಳು ಧೂಳು ಕುಡಿಯೋಕಾಗಲ್ಲ."

ಗಾರೆಯಮ್ಮ ಏನೋ ಹೇಳುವಷ್ಟರಲ್ಲಿ ಸೊಸೆ ಫೋನನ್ನು ಅವಳ ಕೈಯಿಂದ ತೆಗೆದುಕೊಂಡಳು. ಕಿತ್ತುಕೊಂಡಳು ಅಂದರೂ ತಪ್ಪಿಲ್ಲ.

"ಟೀಚರಮ್ಮ, ನಾನು. ಒಡೆಯೋದು ಬೇಡ. ಅವರಿಗೆ ಬರಬೇಡಿ ಅನ್ನಿ. ಮೇಲಿನ ಎಂಟು ಮೆಟ್ಟಿಲಿಗೆ ಕಾಲು ಕಾಲಿಂಚು ಹಂಚಿದ್ರೆ ಆ ಎರಡಿಂಚು ಮಾಯ ಆಗುತ್ತೆ. ಕೆಳಗಿನ ಒಂಬತ್ತು ಮುಟ್ಟೋದೇ ಬೇಡ... ಹೂಂ, ನಿಮ್ಮ ಕಾಲಿಗೆ ಗೊತ್ತಾಗಲ್ಲ. ಇಲ್ಲಿ ರಾಣಿಯರ ಕಾಲಿಗೇ ಗೊತ್ತಾಗಿಲ್ಲ... ಕೋಲಾ? ಕೋಲು ನಾನೇ ಗೀರು ಹಾಕ್ತೀನಿ. ನೆಲ ಸೇರಿಸಿ ಅಳೆದು." ಅವಳು ಅತ್ತೆಯ ಕಡೆ ನೋಡದೆ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಅತ್ತೇನಾ? ಬರ್ತಾರೆ. ಗಾರೆ ಕಲಸೋಕೆ ಒಂದು ಆಳು ಬೇಕಲ್ಲ."

ನಲವತ್ತೆರಡು ವರ್ಷದ ಮೇಲೆ ಗಾರೆ ಕಲಸುವ ಆಳು. ಕಾಲಿಂಚಿನ ಪದರಕ್ಕೆ ಸುಣ್ಣವನ್ನು ಎಷ್ಟು ದಿನ ನೆನೆಸಬೇಕು, ಎಷ್ಟು ಅರೆಯಬೇಕು ಎಂದು ಹೇಳಲು ಗಾರೆಯಮ್ಮನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಎಷ್ಟು ಬಾಂಡ್ಲಿ ಬೇಕಾಗುತ್ತೆ?" ಎಂದು ಕೇಳಿದಳು.

"ಲೆಕ್ಕ ಹಾಕಿ ಹೇಳ್ತೀನಿ." ಸೊಸೆ ಫೋನನ್ನು ಗಂಡನಿಗೆ ಕೊಟ್ಟಳು. ಅವಳ ದನಿಯಲ್ಲಿ ಕೋಪ ಹಾಗೆಯೇ ಇತ್ತು, ಇನ್ನೂ ಬಹಳ ದಿನ ಇರುವಂಥದ್ದು. ಆದರೆ ಅವಳ ಕಣ್ಣು ಆಗಲೇ ಹಾಲಿನ ಆ ಬದಿಗೆ ಹೋಗಿತ್ತು. "ಅಲ್ಲ ಅತ್ತೆ, ಬಲಗಡೆಯದು? ಎರಡನ್ನೂ ಒಟ್ಟಿಗೇ ಕಟ್ಟಿದ್ರೆ ಅದೂ ಕೆಡಬೇಕಿತ್ತು. ಅಲ್ಲಿ ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತೂ ಸಮ ಇದ್ದು, ಗೀರು ಈ ಕೆಳಗಿನ ಗೀರಿಗಿಂತ ಒಂದು ಕೂದಲು ಮೇಲೆ ಬಿದ್ರೆ, ಎಡಗಡೆ ಕೆಟ್ಟ ಮೇಲೆ ಬಲಗಡೆದನ್ನ ನೆಲ ಸೇರಿಸಿ ಅಳೆದಿದ್ದಾನೆ ಅಂತ ಅರ್ಥ."

"ಬಲಗಡೆ ಹತ್ತಬಾರದು, ಇಳಿಯೋದು ಮಾತ್ರ" ಎಂದ ಗೈಡು, ನೆಲದಿಂದ ಏಳುತ್ತ.

"ಹಾಗಾದ್ರೆ ಮೇಲಿಂದ ಇಳೀತಾ ಅಳೀತೀನಿ" ಎಂದವಳೇ ಸೊಸೆ ಟಿಕೆಟ್ಟು ಹಿಡಿದು ಮೊಗಸಾಲೆಯ ಕಡೆಗೆ ಹೊರಟಳು. ಗೈಡು ಟೋಪಿಯನ್ನು ಅಲ್ಲೇ ಮರೆತು ಅವಳ ಹಿಂದೆ ಓಡಿದ. ಗಾರೆಯಮ್ಮ ಕಟಾಂಜನ ಹಿಡಿದು ಎದ್ದಳು. ಮಂಡಿ ಗೊಣಗಿತು. ಯಾರೂ ಕೈ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಆ ಗೀರು ಎಲ್ಲಿ ಬಿತ್ತು ನೋಡಲು ಹೋದಳು.